ನಿನ್ನ ಟೆಂಟಿನೊಳಗಿನ ಮರಳು

ಸೋಮವಾರಪೇಟೆ
ಫೆಬ್ರವರಿ ಎರಡನೇ ವಾರ

ಪ್ರೀತಿಯ ಗೆಳೆಯಾ,

ನಿನ್ನ ಟೆಂಟನ್ನು ನಾಳೆ ಮೈಸೂರು ಬಸ್ಸಿಗೆ ಹಾಕಿ ಕಳಿಸುತ್ತಿದ್ದೇನೆ. ಬಿಚ್ಚಿ ನೋಡಿ ಬೈಯುವ ಮೊದಲು ಇದನ್ನು ಓದು. ಬಾಗಿಲಿನ ಜಿಪ್ ಅರ್ಧಕ್ಕೇ ನಿಲ್ಲುತ್ತದೆ. ಮರಳು ಹೊಕ್ಕಿದೆ. ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಮೂರು ದಿನ ತಿಕ್ಕಿದೆ, ಮೇಣದಬತ್ತಿ ಸವರಿದೆ. ಜಗ್ಗಲಿಲ್ಲ.

ಇನ್ನೊಂದು ವಿಷಯ. ಅವತ್ತು ನೀನು ಫೋನ್ ಮಾಡಿ "ಹೇಗಿತ್ತೋ ಮರುಭೂಮಿ" ಅಂತ ಕೇಳಿದೆ ನೋಡು, ಆಗ ನಾನು ಕಣದಲ್ಲಿ ನಿಂತು ಕಾಫಿ ಚೀಲ ಎಣಿಸುತ್ತಿದ್ದೆ. "ಮರಳು ಮಾರಾಯ, ಇನ್ನೇನಿರುತ್ತೆ" ಅಂದುಬಿಟ್ಟೆ. ಅದು ಶುದ್ಧ ಸುಳ್ಳು. ಮುಂದಿನ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ ಅಂದಿದ್ದೀಯಲ್ಲ, ಅದಕ್ಕೇ ಸರಿಯಾಗಿ ಕೂತು ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪ ಮಿಲಿಟರಿಯಲ್ಲಿದ್ದಾಗ ಎರಡು ವರ್ಷ ರಾಜಸ್ಥಾನದ ಜೈಸಲ್ಮೇರ್ ಕಡೆ ಇದ್ದರು. ರಜಕ್ಕೆ ಬಂದಾಗ ಅವರ ಹಾಸಿಗೆ ಸುತ್ತೋ ಹೋಲ್ಡಾಲ್ ಕೊಡವಿದರೆ ಅಂಗಳದಲ್ಲಿ ಸಣ್ಣ ಮರಳು ಬೀಳುತ್ತಿತ್ತು. ನಮ್ಮ ಹೊಳೆ ಮರಳಿನ ಹಾಗಲ್ಲ, ಚಿರೋಟಿ ರವೆ ಥರ. ಅದನ್ನು ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಂಡಿದ್ದೆ. ಹೋಗಬೇಕು ಅಂತ ಅನಿಸಿದ್ದು ಆಗಿನಿಂದ. ಈ ಸಲ ಅರೇಬಿಕಾ ಕೊಯ್ಲು ಜನವರಿ ಮಧ್ಯಕ್ಕೇ ಮುಗಿಯಿತು. ಕರಿಮೆಣಸಿಗೆ ಇನ್ನೂ ಟೈಮ್ ಇತ್ತು. ಅಣ್ಣನ ಮಗನನ್ನು ಜೊತೆಗೆ ಕರೆದುಕೊಂಡು ಹೊರಟೆ.

ಪ್ರಯಾಣದ ಕತೆ ಜಾಸ್ತಿ ಹೇಳುವುದಿಲ್ಲ. ಕೊಡಗಿಗೆ ಇವತ್ತಿಗೂ ರೈಲಿಲ್ಲ ಅನ್ನೋದು ನಿನಗೂ ಗೊತ್ತು. ಬೆಂಗಳೂರಿನಿಂದ ಜೋಧ್‌ಪುರಕ್ಕೆ ರೈಲು, ಅಲ್ಲಿಂದ ಜೈಸಲ್ಮೇರ್‌ಗೆ ಇನ್ನೊಂದು. ಇಳಿಯುವ ಹೊತ್ತಿಗೆ ಸೊಂಟ ನನ್ನದಲ್ಲ ಅನಿಸಿತ್ತು.

ಅಲ್ಲಿನ ಉದ್ಯಾನದ ಹೆಸರೇ ಡೆಸರ್ಟ್ ನ್ಯಾಷನಲ್ ಪಾರ್ಕ್. 1980ರಲ್ಲಿ ಆದದ್ದು. ಜೈಸಲ್ಮೇರ್, ಬಾಡ್ಮೇರ್ ಎರಡೂ ಜಿಲ್ಲೆಗಳಲ್ಲಿ ಸೇರಿ 3,162 ಚದರ ಕಿಲೋಮೀಟರ್. ನಮ್ಮ ಇಡೀ ಕೊಡಗು 4,102. ಅಂದರೆ ಕೊಡಗಿನ ಮುಕ್ಕಾಲು ಪಾಲಿಗಿಂತ ಸ್ವಲ್ಪ ದೊಡ್ಡದು ಅಂದ್ಕೋ. ನಾಗರಹೊಳೆಯ ಹಾಗೆ ಒಂದು ಗೇಟು, ಅದರಾಚೆ ಕಾಡು ಅನ್ನೋ ಲೆಕ್ಕ ಅಲ್ಲಿಲ್ಲ. ಒಳಗೇ ಊರುಗಳಿವೆ, ಕುರಿ ಮೇಕೆ ಮೇಯುತ್ತವೆ. ಅಲ್ಲಲ್ಲಿ ಬೇಲಿ ಹಾಕಿ ಕಾಪಾಡಿದ ಜಾಗಗಳಿವೆ. ಮರಳ ದಿಬ್ಬ ಇರೋದು ಒಟ್ಟು ಜಾಗದ ಐದನೇ ಒಂದು ಭಾಗದಷ್ಟೇ. ಉಳಿದದ್ದು ಕಲ್ಲು ನೆಲ, ಹುಲ್ಲು, ಕುರುಚಲು ಗಿಡ. ಎಲ್ಲ ಕಡೆ ಸಿನಿಮಾದಲ್ಲಿ ತೋರಿಸುವ ಹಾಗೆ ಮರಳ ಅಲೆ ಇರುತ್ತೆ ಅಂತ ಮಕ್ಕಳಿಗೆ ಹೇಳಬೇಡ.

ಮೊದಲ ರಾತ್ರಿ ನಾನೂ ಎಲ್ಲರಂತೆ ಮೋಸ ಹೋದೆ. ಜೈಸಲ್ಮೇರ್‌ನಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮಕ್ಕೆ ಸಾಮ್ ಅಂತ ಊರು. ರಸ್ತೆಯುದ್ದಕ್ಕೂ ಟೆಂಟ್ ರೆಸಾರ್ಟ್‌ಗಳು. ಟೆಂಟ್ ಅಂದರೆ ಹೆಸರಿಗೆ ಮಾತ್ರ. ಒಳಗೆ ಮಂಚ, ಗೀಸರ್, ಟೈಲ್ಸ್ ಹಾಕಿದ ಬಾತ್‌ರೂಮ್. ಮಧ್ಯರಾತ್ರಿವರೆಗೂ ಡಿಜೆ ಹಾಡು, ಆಮೇಲೆ ಜನರೇಟರ್ ಸದ್ದು. ಬೆಳಿಗ್ಗೆ ದಿಬ್ಬದ ಮೇಲೆ ಚಿಪ್ಸ್ ಪ್ಯಾಕೆಟ್. ನಮ್ಮ ಅಬ್ಬಿ ಫಾಲ್ಸ್‌ನ ಭಾನುವಾರ ನೆನಪಾಯಿತು. ಹಾಡುವವರ ಬಗ್ಗೆ ದೂರಿಲ್ಲ. ಮಾಂಗಣಿಯಾರ್ ಜನ, ತಲೆತಲಾಂತರದಿಂದ ಹಾಡಿಕೊಂಡು ಬಂದವರು. ಡಿಜೆ ಶುರುವಾಗುವ ಮೊದಲು ಒಬ್ಬ ಮುದುಕರು ಕಮಾಯಚಾ ಅನ್ನೋ ತಂತಿವಾದ್ಯ ನುಡಿಸಿದರು. ಹತ್ತೇ ನಿಮಿಷ. ಊಟಕ್ಕೆ ಕರೆದ ಕೂಡಲೇ ಜನ ಎದ್ದು ಹೋದರು.

ಮರುದಿನ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಖುರಿ ಕಡೆ ಹೋದೆವು. ಅಲ್ಲಿ ಒಬ್ಬ ರೈತರನ್ನು ಕೇಳಿ, ಅವರ ಮನೆಯಿಂದ ಕೂಗಳತೆಯಲ್ಲಿ, ಅವರದೇ ಜಾಗದಲ್ಲಿ ನಿನ್ನ ಟೆಂಟ್ ಹಾಕಿದೆವು. ಕೇಳದೆ ಎಲ್ಲೆಂದರಲ್ಲಿ ಹಾಕೋ ಹಾಗಿಲ್ಲ, ತಿಳ್ಕೋ. ಬೇಲಿ ಒಳಗಿನ ಜಾಗಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು. ಅದೂ ನೋಡಿ ಬರೋಕೆ, ಮಲಗೋಕಲ್ಲ. ಇನ್ನೂ ಪಶ್ಚಿಮಕ್ಕೆ ಹೋದರೆ ಪಾಕಿಸ್ತಾನದ ಗಡಿ.

ಇನ್ನು ಟೆಂಟ್ ಹಾಕಿದ ಕತೆ. ನೀನು ನಗ್ತೀಯ, ನಗು ಪರವಾಗಿಲ್ಲ.

ಪುಷ್ಪಗಿರಿ ತಪ್ಪಲಿನಲ್ಲಿ ಆ ಸಲ ಮಳೆಗೆ ಸಿಕ್ಕಿ ಇದೇ ಟೆಂಟಿನೊಳಗೆ ಇಬ್ಬರೂ ಕೂತು ಜಿಗಣೆ ಕೀಳುತ್ತಿದ್ದೆವಲ್ಲ? ಅವತ್ತಿನಿಂದ ನನಗೆ ಒಂದು ಅಭ್ಯಾಸ. ಟೆಂಟ್ ಹಾಕಿದ ಕೂಡಲೇ ಸುತ್ತ ಒಂದು ಚರಂಡಿ ತೋಡೋದು. ಖುರಿಯಲ್ಲೂ ಯೋಚನೆಯೇ ಮಾಡದೆ ತೋಡೋಕೆ ಶುರು ಮಾಡಿದೆ. ಮನೆ ಯಜಮಾನರು ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಏನಾದರೂ ಕಳೆದುಕೊಂಡಿರಾ?" ಅಂತ ಕೇಳಿದರು. ನೀರು ಹೋಗೋಕೆ ಅಂದೆ. ಅವರು ಆಕಾಶ ನೋಡಿದರು. ನಾನೂ ನೋಡಿದೆ. ಅಣ್ಣನ ಮಗ ಇದನ್ನು ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಗೂಟದ ಕತೆಯೂ ಅಷ್ಟೇ. ನಮ್ಮ ಕೆಂಪು ಮಣ್ಣಿನಲ್ಲಿ ಒಂದು ಸಲ ಹೊಡೆದರೆ ಬೆಳಿಗ್ಗೆ ಕೀಳೋಕೆ ಇಬ್ಬರು ಬೇಕು. ಅಲ್ಲಿ ಕೈಯಲ್ಲಿ ಒತ್ತಿದರೆ ಇಳಿಯುತ್ತೆ, ಬೆರಳಲ್ಲಿ ಎತ್ತಿದರೆ ಬರುತ್ತೆ. ಸಂಜೆ ಗಾಳಿ ಎದ್ದಾಗ ಟೆಂಟ್ ಹೊರಟೇ ಹೋಯಿತು. ಇಬ್ಬರೂ ಅದರ ಹಿಂದೆ ಓಡಿದೆವು. ಆಮೇಲೆ ಯಜಮಾನರೇ ಹೇಳಿಕೊಟ್ಟರು. ಚೀಲಕ್ಕೆ ಮರಳು ತುಂಬು, ಅದಕ್ಕೆ ಹಗ್ಗ ಕಟ್ಟು, ಮೊಣಕೈ ಆಳದ ಗುಂಡಿಯಲ್ಲಿ ಹೂತು ಮೇಲೆ ತುಳಿ. ನಾಲ್ಕು ಮೂಲೆಗೆ ನಾಲ್ಕು ಚೀಲ. ಆಮೇಲೆ ಅಲ್ಲಾಡಲಿಲ್ಲ. ನೀನು ಹೋಗುವಾಗ ನಮ್ಮ ಕಡೆಯಿಂದಲೇ ನಾಲ್ಕು ಸಣ್ಣ ಗೋಣಿಚೀಲ ತಗೊಂಡು ಹೋಗು. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ನಾನು ಸೂರ್ಯೋದಯ ಕಾಣಲಿ ಅಂತ ಬಾಗಿಲು ಇಟ್ಟೆ, ಕಂಡದ್ದು ಬಾಯಿ ತುಂಬ ಮರಳು. ಜಿಪ್ ಹಾಳಾದದ್ದೂ ಅವತ್ತೇ.

ಎರಡು ದಿಬ್ಬದ ನಡುವಿನ ತಗ್ಗಿನಲ್ಲಿ ಟೆಂಟ್ ಹಾಕಬೇಡ. ಗಾಳಿ ಕಡಿಮೆ, ಬೆಚ್ಚಗಿರುತ್ತೆ ಅನಿಸುತ್ತೆ. ಆದರೆ ರಾತ್ರಿ ತಣ್ಣನೆ ಗಾಳಿ ಇಳಿದು ಬಂದು ಅಲ್ಲೇ ನಿಲ್ಲುತ್ತೆ. ಹಗಲು 26 ಡಿಗ್ರಿ ಇದ್ದದ್ದು ಬೆಳಗಿನ ಜಾವ 6ಕ್ಕೆ ಇಳಿದಿತ್ತು. ನಮ್ಮಲ್ಲಿ ಮೋಡ, ಮಂಜು, ಮರ ಎಲ್ಲ ಸೇರಿ ನೆಲದ ಬಿಸಿಯನ್ನು ಹೊದ್ದು ಇಟ್ಟುಕೊಳ್ಳುತ್ತವೆ. ಅಲ್ಲಿ ಒಣ ಗಾಳಿ, ಬರೀ ಆಕಾಶ. ಬಿಸಿಯೆಲ್ಲ ಹಾರಿಹೋಗುತ್ತೆ. ಎರಡು ಕಂಬಳಿ, ಮಂಕಿಕ್ಯಾಪ್ ಮರೀಬೇಡ.

ರಾತ್ರಿ ನಿದ್ದೆ ಬರಲಿಲ್ಲ. ಚಳಿಗಿಂತ ಜಾಸ್ತಿ, ಸದ್ದಿಲ್ಲದ್ದಕ್ಕೆ. ನಮ್ಮ ತೋಟದಲ್ಲಿ ಜೀರುಂಡೆ ಇಲ್ಲದ ರಾತ್ರಿ ಇದೆಯಾ? ಎಲ್ಲೋ ಒಂದು ಕಡೆ ಆನೆ ಓಡಿಸೋ ಪಟಾಕಿ. ಎಲೆ ಅಲ್ಲಾಡಿದರೂ ಆನೆಯಾ ಅಂತ ಕಿವಿ ನಿಮಿರುತ್ತೆ. ಅಲ್ಲಿ ಕೇಳಿಸಿಕೊಳ್ಳೋಕೆ ಏನೂ ಇಲ್ಲ, ಆದರೂ ಕಿವಿ ಹುಡುಕುತ್ತಲೇ ಇತ್ತು. ಎರಡು ಗಂಟೆಗೆ ಎದ್ದು ಹೊರಗೆ ಬಂದೆ. ಧ್ರುವ ನಕ್ಷತ್ರವನ್ನು ನಾನು ಸರಿಯಾಗಿ ನೋಡಿದ್ದು ಅಲ್ಲೇ. ನಮ್ಮಲ್ಲಿ ಅದು ಅಷ್ಟು ಕೆಳಗಿರುತ್ತೆ, ಒಂದು ಸಿಲ್ವರ್ ಓಕ್ ಮರ ಸಾಕು ಮುಚ್ಚೋಕೆ. ಅಲ್ಲಿ ಅದಕ್ಕೆ ಎರಡರಷ್ಟು ಮೇಲೆ. ಅದಕ್ಕೆ ಬದಲು ಅಗಸ್ತ್ಯ ನಕ್ಷತ್ರ ಸಂಜೆಯಿಂದಲೇ ದಕ್ಷಿಣದಲ್ಲಿ ನೆಲಕ್ಕೆ ಅಂಟಿಕೊಂಡ ಹಾಗಿತ್ತು. ಕಾವೇರಮ್ಮನ ಯಜಮಾನರು, ನಮ್ಮೂರ ಆಕಾಶದಲ್ಲಿ ಎಷ್ಟು ಗತ್ತಿನಲ್ಲಿ ಇರ್ತಾರೆ. ನೀರಿಲ್ಲದ ಊರಿನಲ್ಲಿ ತಲೆ ತಗ್ಗಿಸಿದ್ದಾರೆ ಅಂತ ನಾನು ಅಂದರೆ ಅಣ್ಣನ ಮಗ ಮುಸುಕು ಎಳೆದುಕೊಂಡ.

ಬೆಳಿಗ್ಗೆ ನೋಡಬೇಕಿತ್ತು ನೀನು. ಟೆಂಟಿನ ಸುತ್ತ ಪೂರ್ತಿ ಹೆಜ್ಜೆ ಗುರುತು. ನಾವು ತೋಟದಲ್ಲಿ ಎದ್ದ ಕೂಡಲೇ ಆನೆ ಹೆಜ್ಜೆ ನೋಡಿ ಬಾಳೆ ಎಷ್ಟು ಹೋಯಿತು ಅಂತ ಲೆಕ್ಕ ಹಾಕ್ತೀವಲ್ಲ, ಹಾಗೇ ಯಜಮಾನರು ಬಗ್ಗಿ ನೋಡುತ್ತ ಹೇಳಿದರು. ಹೊಲಿಗೆ ಹಾಕಿದ ಹಾಗೆ ಸಣ್ಣ ಗೆರೆ, ಅದು ಗಟ್ಟಿ ಬೆನ್ನಿನ ಕರೀ ಹುಳು. ನೇರ ಸಾಲಾಗಿ ಬಂದು ನಮ್ಮ ಬೂಟಿನ ಹತ್ತಿರ ನಿಂತು ವಾಪಸ್ ಹೋದದ್ದು ಮರುಭೂಮಿ ನರಿ. ಎಡಗಾಲಿನ ಬೂಟನ್ನು ಒಂದು ಮಾರು ದೂರ ಎಳೆದಿತ್ತು. ರಾತ್ರಿಯೆಲ್ಲ ಏನೂ ಇಲ್ಲ ಅಂತ ನಾನು ಕಿವಿ ಕೊಟ್ಟು ಕೂತಿದ್ದಾಗಲೇ ಇಷ್ಟೆಲ್ಲ ಓಡಾಡಿದೆ. ಬೂಟು ಹಾಕುವ ಮೊದಲು ಕೊಡವು. ಅಲ್ಲಿ ಗರಗಸ ಮಂಡಲ ಅನ್ನೋ ವಿಷದ ಹಾವು ಇದೆ. ಚಳಿಗಾಲದಲ್ಲಿ ಹೊರಗೆ ಬರೋದು ಕಡಿಮೆ, ಆದರೂ.

ನೀರಿನ ಮಾತು ಹೇಳದೆ ಈ ಪತ್ರ ಮುಗಿಯಲ್ಲ. ಜೈಸಲ್ಮೇರ್‌ನಲ್ಲಿ ವರ್ಷದ ಸರಾಸರಿ ಮಳೆ ಸುಮಾರು 8 ಇಂಚು ಅಷ್ಟೇ. ವರ್ಷಕ್ಕೆ! ಜುಲೈನಲ್ಲಿ ಭಾಗಮಂಡಲದಲ್ಲಿ ಒಂದೇ ದಿನಕ್ಕೆ ಅಷ್ಟು ಬಿದ್ದದ್ದನ್ನು ನಾವು ನೋಡಿದ್ದೀವಿ. ಮಡಿಕೇರಿಗೆ ನೂರು ಇಂಚು ದಾಟದ ವರ್ಷ ನಮಗೆ ಬರಗಾಲ ಅನಿಸುತ್ತೆ. ಮೊದಲ ದಿನ ಊಟ ಆದ ಮೇಲೆ ನಾನು ನಮ್ಮ ಕ್ಯಾನಿನ ನೀರು ಸುರಿದು ತಟ್ಟೆ ತೊಳೆಯೋಕೆ ಹೋದೆ. ಮನೆಯ ಅಮ್ಮ ಏನೂ ಹೇಳಲಿಲ್ಲ. ತಟ್ಟೆ ಕೈಯಿಂದ ತಗೊಂಡು, ಒಂದು ಹಿಡಿ ಮರಳು ಹಾಕಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಫಳಫಳ ಅನ್ನುತ್ತಿತ್ತು. ನನಗೆ ಅವತ್ತು ಆದಷ್ಟು ನಾಚಿಕೆ ಯಾವತ್ತೂ ಆಗಿಲ್ಲ.

ಅವರ ಹಳೇ ಬಾವಿಗೆ ಬೇರಿ ಅಂತಾರೆ. ಬಾಯಿ ಚಿಕ್ಕದು, ಬಿಸಿಲಿಗೆ ನೀರು ಆರಬಾರದು ಅಂತ. ಆಳದಲ್ಲಿ ಇರೋ ನೀರು ಉಪ್ಪು. ಆದರೆ ಅದಕ್ಕಿಂತ ಮೇಲೆ ಕೆಲವು ಕಡೆ ಜಿಪ್ಸಮ್ ಪದರ ಇರುತ್ತೆ. ಮಳೆ ನೀರು ಮರಳಿನಲ್ಲಿ ಇಳಿದು ಆ ಪದರದ ಮೇಲೆ ನಿಲ್ಲುತ್ತೆ, ಉಪ್ಪು ನೀರಿಗೆ ಸೇರಲ್ಲ. ಅಲ್ಲಿವರೆಗೆ ಮಾತ್ರ ತೋಡೋದು. ಖಡೀನ್ ಅಂತ ಇನ್ನೊಂದು ಇದೆ. ಕಲ್ಲು ಇಳಿಜಾರಿನ ಕೆಳಗೆ ಉದ್ದಕ್ಕೆ ಏರಿ ಕಟ್ಟಿ ಹರಿದ ಮಳೆ ನೀರು ನಿಲ್ಲಿಸ್ತಾರೆ. ಅದು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬೆಳೀತಾರೆ. ಪಾಲಿವಾಲರು ಅನ್ನೋ ಜನ ನೂರಾರು ವರ್ಷದ ಹಿಂದೆ ಕಟ್ಟಿದ್ದು, ಈಗಲೂ ಬೆಳೆ ಬರುತ್ತೆ. ನಾವು ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ತಿರುಗಿಸಿ ಕೆರೆ ಖಾಲಿ ಮಾಡ್ತೀವಿ. ನಾನೂ ಮಾಡ್ತೀನಿ, ಮುಂದಿನ ವಾರ ಪೈಪ್ ಹಾಕಬೇಕು.

ಅಲ್ಲಿ ಎಲ್ಲಿ ನೋಡಿದರೂ ಖೇಜ್ಡಿ ಮರ. ಎಲೆ ನೋಡಿದಾಗಲೇ ಎಲ್ಲೋ ನೋಡಿದ್ದೀನಿ ಅನಿಸಿತು. ನಮ್ಮ ಬನ್ನಿ ಮರ ಮಾರಾಯ! ನಾವು ದಸರಾದಲ್ಲಿ ಎಲೆ ಕೊಟ್ಟು ಕೈಮುಗೀತೀವಿ, ಅವರು ಅದರ ಕಾಯಿಯ ಪಲ್ಯ ತಿಂತಾರೆ. ಸಾಂಗ್ರಿ ಅಂತ ಹೆಸರು, ಸಜ್ಜೆ ರೊಟ್ಟಿ ಜೊತೆ ಚೆನ್ನಾಗಿರುತ್ತೆ. ಇವಳಿಗೆ ಅಂತ ಒಂದು ಕಿಲೋ ಒಣಗಿದ್ದು ತಂದೆ. ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿ ಮಾಡಿದಳು. ಆ ಪ್ರಯೋಗದ ಬಗ್ಗೆ ಮಾತಾಡೋದು ಬೇಡ.

ದೇವರ ಹೆಸರಿನಲ್ಲಿ ಬಿಟ್ಟ ಕಾವಲುಗಳೂ ಅಲ್ಲಿವೆ. ಓರಣ್ ಅಂತಾರೆ. ಕೊಂಬೆ ಮುರಿಯೋ ಹಾಗಿಲ್ಲ, ದನ ಮೇಯಬಹುದು. ನಮ್ಮ ದೇವರಕಾಡು ಇದ್ದ ಹಾಗೇ. ನಮಗಿರುವ ತಲೆನೋವೂ ಅಲ್ಲಿದೆ. ಸೋಲಾರ್, ಗಾಳಿಯಂತ್ರ ಎಲ್ಲ ಬಂದು ಓರಣ್‌ಗಳ ಮೇಲೆ ಹೈಟೆನ್ಷನ್ ತಂತಿ ಹಾಯ್ದಿದೆ. ಕೇರಳಕ್ಕೆ ಹೋಗೋ ಲೈನ್ ಎಳೆಯೋವಾಗ ನಮ್ಮ ಕಡೆ ಬಿದ್ದ ಮರಗಳು ಕಣ್ಣ ಮುಂದೆ ಬಂದವು. ಅಲ್ಲಿ ಬೀಳೋದು ಹಕ್ಕಿ.

ಆ ಹಕ್ಕಿಯನ್ನು ನೋಡಿದೆ. ಸುದಾಸರಿ ಅನ್ನೋ ಕಡೆ ಬೇಲಿ ಹಾಕಿ ಕಾಪಾಡಿದ ಜಾಗದ ಹತ್ತಿರ, ದೂರದಿಂದ, ಬೈನಾಕ್ಯುಲರ್‌ನಲ್ಲಿ, ಎರಡು ನಿಮಿಷ. ಗ್ರೇಟ್ ಇಂಡಿಯನ್ ಬಸ್ಟರ್ಡ್. ಅವರು ಗೋಡಾವಣ್ ಅಂತಾರೆ, ನಮ್ಮ ಬಯಲುಸೀಮೆ ಎರೆ ಹೊಲದವರು ಎರೆಭೂತ ಅಂತಿದ್ದರು. ಮೂರಡಿ ಎತ್ತರ, ಬಿಳೀ ಕುತ್ತಿಗೆ, ತಲೆ ಮೇಲೆ ಕರೀ ಟೋಪಿ. ಪಟೇಲರು ಗದ್ದೆ ನೋಡೋಕೆ ಹೊರಟ ಹಾಗೆ ಅವಸರವಿಲ್ಲದೆ ನಡೆಯಿತು. ಗಂಡು ಹದಿನೈದು ಕಿಲೋವರೆಗೂ ತೂಗುತ್ತೆ. ಅಷ್ಟು ಭಾರ ಹೊತ್ತು ಹಾರುವಾಗ ತಟ್ಟನೆ ತಿರುಗೋಕಾಗಲ್ಲ. ಕಣ್ಣು ಪಕ್ಕಕ್ಕಿರೋದರಿಂದ ಎದುರಿನ ತಂತಿ ಸರಿಯಾಗಿ ಕಾಣಲ್ಲ. ಹೆಚ್ಚಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ನೂರೈವತ್ತಕ್ಕಿಂತ ಕಡಿಮೆ ಉಳಿದಿವೆ ಅಂತಾರೆ. ನಮ್ಮ ಬಳ್ಳಾರಿಯ ಸಿರುಗುಪ್ಪದಲ್ಲಿ ಬೆರಳೆಣಿಕೆ. ಸಾಮ್ ಹತ್ತಿರ 2019ರಿಂದ ಮೊಟ್ಟೆ ತಂದು ಮರಿ ಮಾಡಿಸಿ ಸಾಕುತ್ತಿದ್ದಾರೆ. ತಂತಿಯನ್ನು ನೆಲದಡಿ ಹಾಕಿ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು, 2024ರಲ್ಲಿ ಆ ಆದೇಶ ಸಡಿಲಾಯಿತು. ಕರೆಂಟ್ ಬೇಡ ಅನ್ನೋಕೆ ನಾನ್ಯಾರು? ಆದರೆ ಆ ನಡಿಗೆ ನೋಡಿದ ಮೇಲೆ ವಾಪಸ್ ಬರುವಾಗ ದಾರಿಯುದ್ದಕ್ಕೂ ತಂತಿ ಬಿಟ್ಟು ಬೇರೇನೂ ಕಾಣಲಿಲ್ಲ.

ಕೊನೇ ದಿನ ಬಾಡ್ಮೇರ್ ರಸ್ತೆಯಲ್ಲಿ ಅಕಲ್ ಅನ್ನೋ ಜಾಗಕ್ಕೆ ಹೋದೆವು. ಜೈಸಲ್ಮೇರ್‌ನಿಂದ 17 ಕಿಲೋಮೀಟರ್. ಬೋಳು ಗುಡ್ಡದ ಮೇಲೆ ಕಲ್ಲಾದ ಮರಗಳು ಬಿದ್ದಿವೆ, ಮೇಲೆ ತಗಡಿನ ಚಪ್ಪರ. 18 ಕೋಟಿ ವರ್ಷದ ಹಿಂದಿನ ಕಾಡು. ಒಂದು ದಿಮ್ಮಿ ಹದಿಮೂರು ಮೀಟರ್ ಉದ್ದ. ತೊಗಟೆಯ ಗೆರೆ ಹಾಗೇ ಇದೆ. ನಾನು ತೋಟದವನಲ್ಲವಾ, ಅಭ್ಯಾಸಬಲದಿಂದ ತಟ್ಟಿ ನೋಡಿದೆ. ಕಾವಲುಗಾರ ಬೈದ.

ನೀನು ಹೋಗೋದಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗು. ಒಬ್ಬೊಬ್ಬರಿಗೆ ದಿನಕ್ಕೆ ಐದು ಲೀಟರ್ ನೀರು ಲೆಕ್ಕ ಇಟ್ಟುಕೋ, ಕುಡಿಯೋಕೆ, ಅಡುಗೆಗೆ ಅಷ್ಟೇ. ಮಕ್ಕಳಿಗೆ ಉಣ್ಣೆ ಕಾಲುಚೀಲ ಬೇಡ, ಭುರಟ್ ಅನ್ನೋ ಹುಲ್ಲಿನ ಮುಳ್ಳು ಅಂಟಿಕೊಂಡರೆ ಬಿಡಿಸೋಕೆ ಅರ್ಧ ದಿನ ಬೇಕು. ಯಜಮಾನರ ಮನೆ ದಾರಿ ನಾನು ಫೋನಿನಲ್ಲಿ ಹೇಳ್ತೀನಿ. ಮುಂದಿನ ಸಲ ಬರುವಾಗ ಅರ್ಧ ಕಿಲೋ ಕಾಫಿ ಪುಡಿ ತರುತ್ತೇನೆ ಅಂತ ಅವರಿಗೆ ಮಾತು ಕೊಟ್ಟು ಬಂದಿದ್ದೇನೆ, ಅದನ್ನು ನೀನು ಹೊತ್ತುಕೊಂಡು ಹೋಗಬೇಕು.

ಟೆಂಟನ್ನು ಮನೆ ಒಳಗೆ ಬಿಚ್ಚಬೇಡ. ನಾನು ಕಣದಲ್ಲಿ ಹರಡಿ ಎರಡು ಸಲ ಕೊಡವಿದೆ, ಕಾಫಿಗೆ ಮರಳು ಸೇರುತ್ತೆ ಅಂತ ಇವಳು ಬೈದಳು. ಹೊಲಿಗೆ ಸಂದಿಯಲ್ಲಿ ಇನ್ನೂ ಇದೆ. ನಿನ್ನ ಮಗಳಿಗೆ ಹೇಳು, ಬಿದ್ದದ್ದನ್ನು ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಳ್ಳಲಿ. ಜಿಪ್‌ನ ದುಡ್ಡು ನಾನೇ ಕೊಡ್ತೀನಿ.

ನಿನ್ನ,
ಚರಂಡಿ ತೋಡಿದ ಗೆಳೆಯ