ಅರ್ಥಿಂಗ್ ಮೊದಲು, ಸ್ಕೇಲರ್ ಆಮೇಲೆ

ಮಾನ್ಯರೇ,

ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ಕೊಡಗಿನ ತೋಟದ ಮನೆ, ಹೋಂಸ್ಟೇಗಳಲ್ಲಿ ಒಂದು ಕೋಣೆಯನ್ನು ಸಿನಿಮಾಕ್ಕೆಂದೇ ಬಿಟ್ಟುಕೊಡುವವರು ಕಾಣಸಿಗುತ್ತಿದ್ದಾರೆ. ಬೆಂಗಳೂರಿನಿಂದ ಬರುವ ಕೊಟೇಶನ್ನಿನಲ್ಲಿ ಪ್ರೊಜೆಕ್ಟರ್, ಪರದೆ, ಸ್ಪೀಕರ್‌ಗಳ ಕೆಳಗೆ ‘ವಿಡಿಯೊ ಪ್ರೊಸೆಸರ್’ (ಸ್ಕೇಲರ್ ಎಂದೂ ಕರೆಯುತ್ತಾರೆ) ಎಂಬ ಇನ್ನೊಂದು ಸಾಲು ಇರುತ್ತದೆ. ಅದರೆದುರಿನ ಮೊತ್ತ ಒಮ್ಮೊಮ್ಮೆ ಪ್ರೊಜೆಕ್ಟರಿನದಕ್ಕಿಂತ ದೊಡ್ಡದು. ಆ ಸಾಲಿಗೆ ಒಪ್ಪಿಗೆ ಕೊಡುವ ಮುನ್ನ ಅದು ಏನು ಮಾಡುತ್ತದೆ ಎಂಬುದು ಗೊತ್ತಿರಲಿ.

ಡಿವಿಡಿಯ ಒಂದು ಚಿತ್ರದಲ್ಲಿರುವುದು ಹೆಚ್ಚೆಂದರೆ 720 × 576, ಅಂದರೆ ಸುಮಾರು 4.15 ಲಕ್ಷ ಚುಕ್ಕೆ. 4ಕೆ ಪರದೆ ತುಂಬಲು ಬೇಕಾದದ್ದು 3840 × 2160, ಸುಮಾರು 83 ಲಕ್ಷ. ಒಂದು ಚುಕ್ಕೆ ಇದ್ದಲ್ಲಿ ಇಪ್ಪತ್ತನ್ನು ಕೂರಿಸಬೇಕು, ಅದರಲ್ಲಿ ಹತ್ತೊಂಬತ್ತು ಲೆಕ್ಕಹಾಕಿದ ಊಹೆ. ಇದೇ ಸ್ಕೇಲಿಂಗ್. ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ, ಅರ್ಧ ಚಿತ್ರಗಳ ಜೋಡಣೆ. ಇಂಟರ್‌ಲೇಸ್ ಪ್ರಸಾರದಲ್ಲಿ ಸೆಕೆಂಡಿಗೆ 50 ಅರ್ಧ ಚಿತ್ರ ಬರುತ್ತವೆ, ಒಮ್ಮೆ ಬೆಸ ಗೆರೆಗಳು, ಮತ್ತೊಮ್ಮೆ ಸಮ ಗೆರೆಗಳು. ಅವೆರಡರ ನಡುವೆ ಆಟಗಾರ ಓಡಿರುತ್ತಾನೆ. ಸುಮ್ಮನೆ ಹೆಣೆದರೆ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಯಾವುದಾದರೂ ಸುದ್ದಿ ವಾಹಿನಿ ಹಾಕಿ, ಕೆಳಗೆ ಓಡುವ ಅಕ್ಷರಗಳ ಅಂಚು ನೋಡಿ. ಕ್ರಿಕೆಟ್ಟಿನಲ್ಲಿ ಕ್ಯಾಮೆರಾ ತಿರುಗುವಾಗ ಕ್ರೀಸಿನ ಬಿಳಿ ಗೆರೆ ಮೆಟ್ಟಿಲು ಮೆಟ್ಟಿಲಾಗುತ್ತದೆಯೇ ಗಮನಿಸಿ. ದೋಷ ಕಂಡರೂ ಟಿವಿಯನ್ನು ದೂರುವ ಮೊದಲು ಸೆಟ್‌ಟಾಪ್ ಬಾಕ್ಸಿನ ಸೆಟ್ಟಿಂಗ್ ತೆರೆಯಿರಿ. 1080ಐ (1080 ಗೆರೆ, ಇಂಟರ್‌ಲೇಸ್) ಆಗಿ ಬರುವ ಎಚ್‌ಡಿ ಚಾನೆಲನ್ನು ಬಾಕ್ಸ್ 720ಪಿಗೆ (720 ಗೆರೆಯ ಪೂರ್ಣ ಚಿತ್ರ) ಕುಗ್ಗಿಸಿ ಕಳಿಸಿದರೆ ಟಿವಿ ಅದನ್ನು ಮತ್ತೆ ಹಿಗ್ಗಿಸುತ್ತದೆ. ಎರಡು ಸಲ ಕಲಕಿದ ಚಿತ್ರ ಮಸುಕಾಗದೆ ಇರುತ್ತದೆಯೇ? ಬಾಕ್ಸನ್ನು 1080ಐನಲ್ಲಿಟ್ಟು ಜೋಡಣೆಯ ಕೆಲಸ ಟಿವಿಗೇ ಬಿಡಿ. ಚಿತ್ರದ ಅಂಚು ಕತ್ತರಿಸಿ ಹಿಗ್ಗಿಸುವ ಟಿವಿಯ ಓವರ್‌ಸ್ಕ್ಯಾನ್ ಆಫ್ ಮಾಡಿ (ಕೆಲವು ಸೆಟ್‌ಗಳಲ್ಲಿ ಅದಕ್ಕೆ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಆರಿಸಬೇಕು), ಶಾರ್ಪ್‌ನೆಸ್ ಇಳಿಸಿ. ಹಳೆಯ ಪ್ಲೇಯರನ್ನು ಹಳದಿ ತುದಿಯ ಒಂಟಿ ಕೇಬಲಿನಲ್ಲಿ ಜೋಡಿಸಿದ್ದರೆ ಅಲ್ಲಿ ಕಳೆದುಹೋದ ಚಿತ್ರವನ್ನು ಎಷ್ಟು ಲಕ್ಷದ ಪೆಟ್ಟಿಗೆಯೂ ವಾಪಸು ತರದು.

ಈಗ ಬೆಲೆಯ ವಿಷಯ. 1990ರ ದಶಕದಲ್ಲಿ ಮೂರು ಟ್ಯೂಬಿನ ಪ್ರೊಜೆಕ್ಟರ್‌ಗಳಿಗೆ ಜೋಡಿಸುತ್ತಿದ್ದ ಫರೂಜಾ ಕಂಪನಿಯ ಲೈನ್ ಡಬ್ಲರ್‌ಗಳಿಗೆ (ಚಿತ್ರದ ಗೆರೆಗಳನ್ನು ಇಮ್ಮಡಿಸುವ ಪೆಟ್ಟಿಗೆ) ಸಾವಿರಾರು ಡಾಲರ್ ತೆರಬೇಕಿತ್ತು. 2000ರ ನಂತರ ಅದೇ ಕಂಪನಿಯ, ಓರೆ ಅಂಚುಗಳನ್ನು ನಯಗೊಳಿಸುವ ಡಿಸಿಡಿಐ ತಂತ್ರ ಒಂದು ಚಿಪ್ಪಿನಲ್ಲಿ ಅಡಗಿ ಸಾಮಾನ್ಯ ಡಿವಿಡಿ ಪ್ಲೇಯರಿನೊಳಗೆ ಕುಳಿತಿತು. ಬಿಡಿ ಸ್ಕೇಲರ್‌ಗಳ ಹಣೆಬರಹ ಅಂದಿನಿಂದಲೂ ಇದೇ: ಇಂದು ಪೆಟ್ಟಿಗೆ, ನಾಳೆ ಚಿಪ್ಪು. ಹಾಗೆಂದು ಮೇಲ್ದರ್ಜೆಯ ಬೆಲೆ ಇಳಿಯುತ್ತದೆ ಎಂದು ಕಾಯುವುದು ವ್ಯರ್ಥ. ಹಳೆಯ ಕೆಲಸ ಅಗ್ಗವಾದಾಗ ಆ ತಯಾರಕರು ಹೊಸ ಕೆಲಸಕ್ಕೆ ಜಿಗಿಯುತ್ತಾರೆ. ಮಾರಾಟವಾಗುವ ಸಂಖ್ಯೆ ಕಡಿಮೆ, ಎಂಜಿನಿಯರುಗಳ ಸಂಬಳ ಆ ಕೆಲವೇ ಪೆಟ್ಟಿಗೆಗಳ ಮೇಲೆ ಬೀಳುತ್ತದೆ.

ಇಂದಿನ ಆ ಹೊಸ ಕೆಲಸ ಎಚ್‌ಡಿಆರ್ (ಹೊಳಪು, ನೆರಳಿನ ಅಂತರ ಹೆಚ್ಚಿರುವ ಚಿತ್ರ) ಬೆಳಕನ್ನು ಹೊಂದಿಸುವುದು. ಸಿನಿಮಾ ಸಿದ್ಧವಾಗುವುದು 1,000 ಅಥವಾ 4,000 ನಿಟ್‌ಗಳ (ನಿಟ್ ಎಂದರೆ ಹೊಳಪಿನ ಅಳತೆ) ಮಾನಿಟರಿನ ಮುಂದೆ. 120 ಇಂಚಿನ ಪರದೆಯಲ್ಲಿ ಮನೆಯ ಪ್ರೊಜೆಕ್ಟರ್ ಕೊಡುವುದು 100 ನಿಟ್ ಆಸುಪಾಸು, ಹಲವು ಸಲ ಅದಕ್ಕೂ ಕಡಿಮೆ. ಒಂದೊಂದು ಫ್ರೇಮನ್ನೂ ಅಳೆದು ಈ ಅಂತರ ಮುಚ್ಚುವುದರಲ್ಲಿ ಲುಮಾಜೆನ್ ರೇಡಿಯನ್ಸ್ ಪ್ರೊ, ಮ್ಯಾಡ್‌ವಿಆರ್ ಎನ್ವಿ ಎಂಬ ಪ್ರೊಸೆಸರ್‌ಗಳು ಮುಂದಿವೆ. ವ್ಯತ್ಯಾಸ ಬರಿಗಣ್ಣಿಗೆ ಕಾಣುವಂಥದ್ದೇ. ಆದರೆ ಜೆವಿಸಿ 2019ರಲ್ಲೇ ಇಂಥದೊಂದು ಸೌಲಭ್ಯವನ್ನು ಪ್ರೊಜೆಕ್ಟರಿನೊಳಗೆ ಕೊಟ್ಟಿತು. ಕಂಪ್ಯೂಟರ್ ಪಳಗಿದವರಿಗೆ ವಿಂಡೋಸ್‌ನಲ್ಲಿ ನಡೆಯುವ ಮ್ಯಾಡ್‌ವಿಆರ್ ತಂತ್ರಾಂಶ ಉಚಿತವಾಗಿಯೇ ಇದೆ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕಷ್ಟೆ. 75 ಇಂಚಿನ ಒಳ್ಳೆಯ ಟಿವಿ ಇಡುವವರಿಗೆ ಬೇರೆ ಪ್ರೊಸೆಸರ್ ಬೇಡವೇ ಬೇಡ.

ಆ ಹಣದ ಸಣ್ಣ ಪಾಲು ನಮ್ಮ ಜಿಲ್ಲೆಯಲ್ಲಿ ಬೇರೆ ಕಡೆ ಹೋಗಬೇಕು. ಏಪ್ರಿಲ್, ಮೇ ತಿಂಗಳ ಸಿಡಿಲು ಪ್ಲಗ್ಗಿನಿಂದ ಮಾತ್ರ ಬರುವುದಿಲ್ಲ. ಮಾಡಿನ ಡಿಶ್ಶಿನಿಂದ ಇಳಿಯುವ ಕೇಬಲ್ ಹಿಡಿದು ಸೆಟ್‌ಟಾಪ್ ಬಾಕ್ಸ್ ಹೊಕ್ಕು, ಎಚ್‌ಡಿಎಂಐ ಮೂಲಕ ಸಾಲಾಗಿ ಎಲ್ಲದರ ಪೋರ್ಟ್ ಸುಡುತ್ತದೆ. ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇವೆ ಎಂದು ನಿಶ್ಚಿಂತರಾದವರು ಮರೆಯುವುದು ಈ ಕೇಬಲನ್ನೇ. ಡಿಶ್ಶಿನ ಕಂಬವನ್ನೂ ಕೇಬಲಿನ ಹೊರಕವಚವನ್ನೂ ಮನೆಯ ಅರ್ಥಿಂಗಿಗೇ ಸೇರಿಸಿಸಿ, ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಜೊತೆ ಕೇಬಲನ್ನೂ ಬಿಚ್ಚಿಡಿ. ಲ್ಯಾಂಪ್ ಇರುವ ಪ್ರೊಜೆಕ್ಟರಿಗೆ ಕರೆಂಟ್ ಹೋದ ಮೇಲೂ ಫ್ಯಾನ್ ಕೆಲವು ನಿಮಿಷ ತಿರುಗಬೇಕು, ಅದಕ್ಕೊಂದು ಯುಪಿಎಸ್. ಜನರೇಟರ್ ಹತ್ತಿಕೊಳ್ಳುವವರೆಗೂ ಅದೇ ಕಾಪಾಡುತ್ತದೆ. ಕಕ್ಕಡದ (ಜುಲೈ, ಆಗಸ್ಟ್) ಮಳೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಕೋಣೆಯಲ್ಲಿ ಲೆನ್ಸಿಗೆ ಬೂಷ್ಟು ಹತ್ತುತ್ತದೆ. ಡಿಹ್ಯುಮಿಡಿಫೈಯರ್ ಇಡಿ; ಅದಿಲ್ಲವಾದರೆ ವಾರಕ್ಕೊಮ್ಮೆ ಪ್ರೊಜೆಕ್ಟರನ್ನು ಒಂದೆರಡು ಗಂಟೆ ಓಡಿಸಿ.

ಮನೆ ಕಟ್ಟುವಾಗಲೇ ಗೋಡೆಯಲ್ಲಿ ಒಂದೂವರೆ ಇಂಚಿನ ಪೈಪ್ ಹಾಕಿಸಿ, ಮುಕ್ಕಾಲು ಇಂಚಿನದರಲ್ಲಿ ಎಚ್‌ಡಿಎಂಐ ತುದಿ ತೂರದು. ಹತ್ತು ಮೀಟರ್ ದಾಟಿದರೆ ಸಾಮಾನ್ಯ ತಾಮ್ರದ ಕೇಬಲ್‌ಗೆ 4ಕೆ ಚಿತ್ರದ ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ ಹೊರುವುದು ಕಷ್ಟ; ಚಿತ್ರ ಮಿನುಗುತ್ತದೆ, ಇಲ್ಲವೇ ಕಪ್ಪಾಗುತ್ತದೆ. ಆಪ್ಟಿಕಲ್ ಎಚ್‌ಡಿಎಂಐ ಹಾಕಿ. ಅದಕ್ಕೆ ದಿಕ್ಕಿದೆ, ಪೈಪಿನೊಳಗೆ ತಿರುವುಮುರುವಾಗಿ ಎಳೆದರೆ ಚಿತ್ರವೇ ಬಾರದು. ನಡುವೆ ಬರುವ ರಿಸೀವರ್, ಪ್ರೊಸೆಸರ್ ಎಲ್ಲವೂ ಎಚ್‌ಡಿಸಿಪಿ 2.2 (ನಕಲು ತಡೆಯುವ ವ್ಯವಸ್ಥೆ) ಒಪ್ಪುವಂಥವಾಗಿರಲಿ.

ತೆರಿಗೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ ಹಾಗೂ ಪ್ರೊಜೆಕ್ಟರ್‌ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಸೇರಿ 1,28,000 ಇದ್ದದ್ದು 1,18,000 ಆಗಬೇಕು. ಅಂದರೆ ಕೈಯಿಂದ ಕೊಡುವ ಹಣದಲ್ಲಿ ಉಳಿತಾಯ ಶೇ 7.8, ಶೇ 10 ಅಲ್ಲ. ಕೊಟೇಶನ್ನಿನಲ್ಲಿ ತೆರಿಗೆಯನ್ನು ಬೇರೆ ಕಾಲಮಿನಲ್ಲಿ ಬರೆದುಕೊಡಲು ಕೇಳಿ. ಅದರ ಜೊತೆಗೆ, ಕೆಟ್ಟರೆ ರಿಪೇರಿ ಎಲ್ಲಿ, ಅಲ್ಲಿಯವರೆಗೆ ಬದಲಿ ಪೆಟ್ಟಿಗೆ ಸಿಗುತ್ತದೆಯೇ ಎಂಬುದನ್ನೂ.

– ಹೋಂ ಥಿಯೇಟರ್ ಅಳವಡಿಸುವ ಕೆಲಸದವರು, ವಿರಾಜಪೇಟೆ