ಸಾಮಾನಿನ ಪಟ್ಟಿಯಲ್ಲಿ ಗೋಡೆಯನ್ನೂ ಬರೆದುಕೋ

ವಿರಾಜಪೇಟೆ

ಪ್ರೀತಿಯ ಪುಟ್ಟಿ,

ಟ್ಯೂಬ್‌ಲೈಟಿನಲ್ಲಿ ಕಲಾಕೃತಿ ಮಾಡುತ್ತೇನೆಂದು ನೀನು ಕಳಿಸಿದ ನಕ್ಷೆ ನೋಡಿದೆ. ಹನ್ನೆರಡು ಟ್ಯೂಬು, ಐದು ಬಣ್ಣ, ನಡುವೆ ತಿರುಗುವ ಚಕ್ರ! ಮಡಿಕೇರಿ ದಸರೆಯ ಮಂಟಪಕ್ಕೆ ಅದು ಚೆನ್ನ. ಅಲ್ಲಿ ದೀಪ ಕಥೆ ಹೇಳಬೇಕು, ಅಸುರನ ಕಣ್ಣು ಕೆಂಪಗೆ ಉರಿಯಬೇಕು. ನೀನು ಹಿಡಿಯಹೊರಟ ದಾರಿಯಲ್ಲಿ ಟ್ಯೂಬ್‌ಲೈಟು ಟ್ಯೂಬ್‌ಲೈಟಾಗಿಯೇ ಇರಬೇಕು. ಕಾಫಿ ಗೋಡೌನಿನ ಮೂಲೆ ಖಾಲಿ ಮಾಡಿಸುತ್ತೇನೆ, ಆದರೆ ಒಂದೇ ಒಂದು ಟ್ಯೂಬಿನಿಂದ ಶುರು ಮಾಡು.

ಟ್ಯೂಬ್‌ಲೈಟುಗಳಲ್ಲೇ ಕಲಾಕೃತಿ ಮಾಡಿದ ಅಮೆರಿಕದ ಕಲಾವಿದ ಡ್ಯಾನ್ ಫ್ಲೇವಿನ್ ಕೂಡ ಹಾಗೇ ಹೊರಟವನು. ಅವನ ಒಂದು ಕೃತಿಯ ಹೆಸರಿನಲ್ಲೇ 1963ರ ಮೇ 25 ಎಂಬ ತಾರೀಕಿದೆ. ಎಂಟಡಿಯ ಒಂದು ಹಳದಿ ಟ್ಯೂಬು, ಗೋಡೆಯ ಮೇಲೆ 45 ಡಿಗ್ರಿ ಓರೆ, ಅಷ್ಟೇ. ಅರ್ಪಣೆ ಬ್ರಾಂಕುಸಿಗೆ, ಒಂದೇ ಆಕಾರವನ್ನು ಒಂದರ ಮೇಲೊಂದು ಪೇರಿಸಿ ಕಂಬ ನಿಲ್ಲಿಸಿದ ರೊಮೇನಿಯಾದ ಶಿಲ್ಪಿಗೆ. ಮರುವರ್ಷ ಏಳು ಬಿಳಿ ಟ್ಯೂಬುಗಳಲ್ಲಿ ಸೋವಿಯತ್ ಕಲಾವಿದ ಟಾಟ್ಲಿನ್‌ಗೊಂದು ಸ್ಮಾರಕ ಮಾಡಿದ. ಟಾಟ್ಲಿನ್ ಯೋಚಿಸಿದ್ದ ಸುಮಾರು 400 ಮೀಟರಿನ ಗೋಪುರ ಕಟ್ಟಲಾಗಲೇ ಇಲ್ಲ. ಸುಟ್ಟುಹೋಗುವ ಟ್ಯೂಬಿನಲ್ಲಿ ಸ್ಮಾರಕ ಎಂದರೆ ಅದರಲ್ಲೇ ಒಂದು ಕುಚೋದ್ಯವಿದೆ. ಫ್ಲೇವಿನ್ ಟ್ಯೂಬನ್ನು ಬಗ್ಗಿಸಲಿಲ್ಲ, ಕತ್ತರಿಸಲಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದ ಎರಡು, ನಾಲ್ಕು, ಆರು, ಎಂಟು ಅಡಿಗಳೇ ಅವನ ಅಳತೆಗೋಲು. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಒಂದು, ಎರಡು, ನಾಲ್ಕು ಅಡಿ. ನಿನ್ನ ಅಳತೆಯೂ ಅದೇ ಆಗಲಿ.

ಇಲ್ಲಿ ಒಂದು ತೊಡಕಿದೆ. ಹಳೆಯ ಗಾಜಿನ ಟ್ಯೂಬು ಸುತ್ತಲೂ ಬೆಳಕು ಚೆಲ್ಲುತ್ತದೆ, ಹಾಗಾಗಿ ಹಿಂದಿನ ಗೋಡೆಯೂ ಮಿಂದು ಹೋಗುತ್ತದೆ. ಈಗಿನ ಎಲ್‌ಇಡಿ ಪಟ್ಟಿ (ಅಂಗಡಿಯವರು ಬ್ಯಾಟನ್ ಎನ್ನುವುದು) ಮುಂದಕ್ಕೆ ಮಾತ್ರ ಚೆಲ್ಲುತ್ತದೆ, ಬೆನ್ನು ಕತ್ತಲೆ. ಫ್ಲೇವಿನ್‌ನ ಚಿತ್ರ ನೋಡಿಕೊಂಡು ಎಲ್‌ಇಡಿ ಹೊಡೆದರೆ ಗೋಡೆ ಸತ್ತಂತೆ ಕಾಣುವುದು ಇದಕ್ಕೇ. ಎರಡು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿದರೆ ಹಳೆಯ ಟ್ಯೂಬಿನ ಹತ್ತಿರಕ್ಕೆ ಬರುತ್ತದೆ. ನನಗೆ ಇನ್ನೂ ಹಿಡಿಸುವುದು ಒಂದೇ ಪಟ್ಟಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುವುದು. ಆಗ ಬೆಳಕಿನ ಹರವಿನ ನಡುವೆ ಒಂದು ಕಪ್ಪು ಗೆರೆ ಕಾಣುತ್ತದೆ. ಗೋಡೆಯಿಂದ 5 ಸೆಂ.ಮೀ. ದೂರವಿಟ್ಟರೆ ಬೆಳಕು ಗೀಟು ಎಳೆದ ಹಾಗೆ ಬಿರುಸಾಗುತ್ತದೆ, 15 ಸೆಂ.ಮೀ.ಗೆ ಸರಿಸಿದರೆ ಮೆತ್ತಗೆ ಹರಡುತ್ತದೆ. ಮೊಳೆ ಹೊಡೆಯುವ ಮೊದಲು ಕೈಯಲ್ಲಿ ಹಿಡಿದು ಹಿಂದೆಮುಂದೆ ಆಡಿಸಿ ನೋಡು. ಒಂದು ಸಂಜೆ ಪೂರ್ತಿ ಅದಕ್ಕೇ ಹೋದರೂ ನಷ್ಟವಿಲ್ಲ.

ಗೋಡೆಯನ್ನೂ ಸಾಮಾನಿನ ಪಟ್ಟಿಯಲ್ಲಿ ಬರೆದುಕೋ ಎನ್ನುವುದು ಇದಕ್ಕೇ. ಆಯಿಲ್ ಪೇಂಟ್ ಬೇಡವೇ ಬೇಡ; ಅದರ ಹೊಳಪಿನಲ್ಲಿ ಟ್ಯೂಬಿನ ಪ್ರತಿಬಿಂಬ ಚೂರುಚೂರಾಗಿ ಕಾಣುತ್ತದೆ. ಸುಣ್ಣ ಅಥವಾ ಹೊಳಪಿಲ್ಲದ ಬಿಳಿ ಡಿಸ್ಟೆಂಪರ್ ಎರಡು ಕೋಟ್. ಓರೆ ಬೆಳಕಿಗೆ ಗಾರೆಯ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತದೆ, ಅದು ಬೇಡವಾದರೆ ಮೊದಲೇ ಪುಟ್ಟಿ ಹಾಕಿ ಉಜ್ಜು (ನಿನ್ನ ಹೆಸರಿನ ಪುಟ್ಟಿ ಅಲ್ಲ!). ಹಳೆಯ ಮಣ್ಣಿನ ಗೋಡೆಗೆ ರಾಲ್ ಪ್ಲಗ್ (ಸ್ಕ್ರೂ ಕಚ್ಚಿಕೊಳ್ಳಲು ತೂತಿಗೆ ಹಾಕುವ ಬಿರಡೆ) ನಿಲ್ಲುವುದಿಲ್ಲ, ಪುಡಿ ಉದುರಿ ಸ್ಕ್ರೂ ಕಿತ್ತು ಬರುತ್ತದೆ. ನೆಲದಿಂದ ಸೂರಿಗೆ ಒಂದು ಮರದ ರೀಪರ್ ನಿಲ್ಲಿಸಿ, ಅದಕ್ಕೂ ಸುಣ್ಣ ಬಳಿದು, ಪಟ್ಟಿಯನ್ನು ಅದಕ್ಕೇ ಕಚ್ಚಿಸು. 45 ಡಿಗ್ರಿಗೆ ಕೋನಮಾಪಕ ಹುಡುಕಬೇಡ. ನಾಲ್ಕಡಿಯ, ಅಂದರೆ 122 ಸೆಂ.ಮೀ. ಪಟ್ಟಿಗೆ ಅಡ್ಡ 86, ನೇರ 86 ಸೆಂ.ಮೀ. ಗುರುತು ಹಾಕಿ ಸೇರಿಸಿದರೆ ಸಾಕು. ನೇರಕ್ಕೆ ತೂಗುಗುಂಡು ಬಿಡು, ಗೋಡೆಯ ಅಂಚನ್ನು ನಂಬಬೇಡ. ಹಳೆಯ ಮನೆಯಲ್ಲಿ ಯಾವ ಮೂಲೆಯೂ ನೇರವಿಲ್ಲ.

ಫ್ಲೇವಿನ್‌ನ ಆ ಸ್ಮಾರಕದಂಥ ಗೋಪುರ ಮಾಡುವ ಹಂತಕ್ಕೆ ಬಂದಾಗ: ನಡುವೆ ನಾಲ್ಕಡಿಯದು ಒಂದು (20 ವಾಟ್), ಎರಡೂ ಪಕ್ಕಕ್ಕೆ ಎರಡಡಿಯವು (10 ವಾಟ್), ಅಂಚಿಗೆ ಒಂದಡಿಯವು (5 ವಾಟ್). ಬುಡ ಎಲ್ಲದರದ್ದೂ ಒಂದೇ ಸಾಲಿಗೆ. ಒಟ್ಟು 50 ವಾಟ್, ಕಾಲು ಆಂಪಿಯರೂ ಇಲ್ಲ, 6 ಆಂಪಿಯರಿನ ಪ್ಲಗ್ಗಿಗೆ ಧಾರಾಳ. ವೈರು 1 ಚದರ ಮಿ.ಮೀ.ನ ಮೂರು ಕೋರ್. ಮೂರನೆಯದು ಅರ್ತ್, ಪಟ್ಟಿಯ ಮೈ ಲೋಹದ್ದಾದರೆ ಅದಿಲ್ಲದೆ ಸ್ವಿಚ್ ಒತ್ತಬೇಡ. ಜೋಡಣೆ ಕನೆಕ್ಟರಿನಲ್ಲಿ ಆಗಲಿ. ಬರೀ ಟೇಪ್ ಸುತ್ತಿದರೆ ಮಳೆಗಾಲದ ತೇವಕ್ಕೆ ಅಂಟು ಬಿಟ್ಟು ತಾಮ್ರ ಬತ್ತಲಾಗುತ್ತದೆ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಸ್ವಿಚ್ಚನ್ನು (ಆರ್‌ಸಿಸಿಬಿ) ಎಲೆಕ್ಟ್ರಿಷಿಯನ್ ಕೈಲಿ ಹಾಕಿಸುತ್ತೇನೆ. ಕೆಲಸ ಮಾಡುವಾಗ ಸ್ವಿಚ್ ಆರಿಸಿದರೆ ಸಾಲದು, ಮೇನೇ ಆಫ್ ಮಾಡು. ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ನ್ಯೂಟ್ರಲ್ ಮೇಲೆ ಕೂತಿರುವುದುಂಟು. ದೀಪ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ.

ಅಟ್ಟದ ಮೇಲಿರುವ ಹಳೆಯ 36 ವಾಟಿನ ಗಾಜಿನ ಟ್ಯೂಬುಗಳ ಮೇಲೆ ನಿನ್ನ ಕಣ್ಣಿದೆ ಎಂದು ಗೊತ್ತು. ಬಳಸು, ಬೆಳಕಿಗೆ ಅವೇ ಮೇಲು. ಆದರೆ ವೋಲ್ಟೇಜ್ ಬಿದ್ದಾಗ ಸ್ಟಾರ್ಟರ್ ಪದೇಪದೇ ಮಿಟುಕಿಸಿ ತುದಿ ಬೇಗ ಕಪ್ಪಾಗುತ್ತದೆ. ಒಳಗೆ ಪಾದರಸವಿದೆ. ಒಡೆದರೆ ಪೊರಕೆ ಹಿಡಿಯಬೇಡ; ಕಿಟಕಿ ತೆರೆದು ಹೊರಗೆ ಬಾ, ಆಮೇಲೆ ದಪ್ಪ ರಟ್ಟಿನಿಂದ ಬಳಿದು ಮುಚ್ಚಳದ ಡಬ್ಬಿಗೆ ಹಾಕು. ಆ ಹಳೆಯ ಟ್ಯೂಬಿನ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಸಿಕ್ಕಿಸುವುದಾದರೆ ಅದರ ಮೇಲೆ ಅಚ್ಚಾದ ನಕ್ಷೆ ಓದು. ಕೆಲವಕ್ಕೆ ಕರೆಂಟ್ ಒಂದೇ ತುದಿಗೆ, ಕೆಲವಕ್ಕೆ ಎರಡೂ ತುದಿಗೆ. ತಪ್ಪಿ ಕೊಟ್ಟರೆ ಶಾರ್ಟ್.

ಬಣ್ಣ ಕೊನೆಗೆ. ಕೆಂಪು, ಹಸಿರು ಸೇರಿದ ಕಡೆ ಗೋಡೆ ಹಳದಿಯಾಗುತ್ತದೆ. ನಮ್ಮ ಕಣ್ಣಿಗೆ ಹಸಿರೇ ಜೋರು, ಆದ್ದರಿಂದ ನಾಲ್ಕಡಿ ಕೆಂಪಿಗೆ ಎರಡಡಿ ಹಸಿರು ಹಾಕಿ ನೋಡು. ಹಸಿರೊಂದನ್ನೇ ಉರಿಸಿ ಹತ್ತು ನಿಮಿಷ ಒಳಗೆ ಕೂತರೆ ಅದು ಬಿಳಿಚುತ್ತಾ ಬರುತ್ತದೆ. ಆಮೇಲೆ ಬಾಗಿಲಾಚೆ ನೋಡು, ಕಾಫಿ ಕಣವೆಲ್ಲ ನಸುಗುಲಾಬಿ. ಇದು ಹಗಲಲ್ಲಿ ಮಾತ್ರ ಆಗುವ ಆಟ. ಮಂದ ಮಾಡಲು ಫ್ಯಾನಿನ ರೆಗ್ಯುಲೇಟರ್ ಸಿಕ್ಕಿಸಬೇಡ, ಸಾಮಾನ್ಯ ಎಲ್‌ಇಡಿ ಪಟ್ಟಿ ಮಿಣುಕಿ ಕೆಡುತ್ತದೆ.

ಈಗ ಗುಡುಗಿನ ಕಾಲ. ಮೋಡ ಕಟ್ಟಿದರೆ ಪ್ಲಗ್ ಕಿತ್ತಿಡು. ಮೊದಲ ಮಳೆ ಬಿದ್ದ ಸಂಜೆ ಬಿಳಿ ದೀಪ ಹಚ್ಚಲೇಬೇಡ, ರೆಕ್ಕೆಹುಳ ಮುತ್ತಿ ಬೆಳಗ್ಗೆ ಬುಡದಲ್ಲಿ ರೆಕ್ಕೆಯ ರಾಶಿ ಗುಡಿಸಬೇಕಾಗುತ್ತದೆ. ಹಳದಿಗೆ ಅವು ಕಡಿಮೆ ಬರುತ್ತವೆ.

ಮೈಸೂರಿನಿಂದ ಬರುವಾಗ ಒಂದೂ ಟ್ಯೂಬ್ ತರಬೇಡ, ಬಸ್ಸಿನಲ್ಲಿ ಉಳಿಯುವುದಿಲ್ಲ. ಅಳತೆ ಟೇಪು ಮತ್ತು ಕಪ್ಪು ಬಟ್ಟೆ ತಾ. ಗೋಡೌನಿನ ಗಾಜಿನ ಹೆಂಚು ಮುಚ್ಚಬೇಕು.

ನಿನ್ನ,
ಅಪ್ಪ