ಮೊಂತಿ ಹಬ್ಬದ ದಿನ ಬಂದ ಪೊರ್ಬುಗಳಿಗೆ (ಕ್ರೈಸ್ತರನ್ನು ನಮ್ಮೂರಲ್ಲಿ ಕರೆಯುವುದು ಹಾಗೆ)

ಸೆಪ್ಟೆಂಬರ್ 8. ಮಂಗಳೂರಿನ ಇಗರ್ಜಿಗಳಲ್ಲೆಲ್ಲ ಕನ್ಯಾಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಆಶೀರ್ವಾದ. ನಮ್ಮ ತಮ್ಮ ಮಾತ್ರ ಡೆಂಗಿಯಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದ. ತೆಗೆದಿಟ್ಟ ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲವಂತೆ, ದಾನಿಯೇ ಬರಬೇಕು. ಯಾರೋ ಹೇಳಿದ್ದನ್ನು ಕೇಳಿ ನೀವು ಪೂಜೆ ಮುಗಿಸಿ ನೇರ ಬಂದಿರಿ. ಮನೆಯಲ್ಲಿ ಹೊಸಕ್ಕಿ ಊಟಕ್ಕೆ ಎಲ್ಲರೂ ಕಾಯುತ್ತಿದ್ದರು, ಫೋನ್ ಎರಡು ಸಲ ರಿಂಗಾಯಿತು. ನೀವು ಒಂದೂವರೆ ಗಂಟೆ ಯಂತ್ರದ ಪಕ್ಕ ಮಲಗಿದ್ದಿರಿ. ಹೆಸರು ಕೇಳಿದರೆ, "ಅದೆಲ್ಲ ಎಂತಕ್ಕೆ ಮಾರಾಯ್ರೆ, ಹುಡುಗ ಹುಷಾರಾಗಲಿ" ಅಂದಿರಿ. ಅಮ್ಮನ ಕೈಗೆ ಒಂದು ತೆನೆ ಕೊಟ್ಟು ಹೋದಿರಿ. ತಮ್ಮ ಮನೆಗೆ ಬಂದಿದ್ದಾನೆ. ತೆನೆ ನಮ್ಮ ದೇವರ ಕೋಣೆಯಲ್ಲಿದೆ, ಗಣಪತಿ ಪಟದ ಪಕ್ಕ. ದೇವರು ಒಳ್ಳೆಯದು ಮಾಡಲಿ ಪೊರ್ಬುಗಳೇ. ಊಟ ತಣ್ಣಗಾಗಿತ್ತೋ ಏನೋ, ಕ್ಷಮಿಸಿ.